ಹತ್ತು ದಾಟಬೇಕು

ದಾರ್ಖಾನ್ ಊರಲ್ಲಿ ಬೆಳಗಿನ ಆರು. ಹೊರಗೆ ಮೈನಸ್ ಮೂವತ್ತೊಂದು.
ಒಳಗೆ ಏಳು ಯಂತ್ರಗಳು ಏಳು ಜನರ ರಕ್ತವನ್ನು
ತೊಳೆದು, ಹಿಂಡದೆ, ಬೆಚ್ಚಗೆ ಹಿಂತಿರುಗಿಸುತ್ತಿವೆ.
ಎಂಟನೆಯದು ಕೊನೆಯ ಕೋಣೆಯಲ್ಲಿ
ಹಳದಿ ಪಟ್ಟಿ ಸುತ್ತಿಕೊಂಡು ಒಬ್ಬಳಿಗೇ ಮೀಸಲು:
ಖೋರ್ಲೋ ಅಜ್ಜಿಗೆ.
ಅವಳ ರಕ್ತದಲ್ಲಿ ಹೆಪಟೈಟಿಸ್ ಬಿ.
ಎಲ್ಲಿಂದ ಬಂತೋ. ಯಾವ ಕಾಲದ ಸೂಜಿಯೋ,
ಊರಿಗೆಲ್ಲ ಒಂದೇ ಆಗಿದ್ದ ಗಾಜಿನ ಸಿರಿಂಜೋ,
ಹೆತ್ತವಳೇ ಹೆರುವಾಗ ದಾಟಿಸಿದಳೋ.
ಕೇಳಿದರೆ ನಗುತ್ತಾಳೆ: ‘ತವರಿನ ಬಳುವಳಿ.’

ನನ್ನದು ಸೂಜಿ ಚುಚ್ಚುವ, ಲೆಕ್ಕ ಬರೆಯುವ ಕೆಲಸ.
ತಿಂಗಳಿಗೊಮ್ಮೆ ಒಬ್ಬೊಬ್ಬರಿಂದ ಒಂದು ಟ್ಯೂಬು;
ವೈರಸ್ಸು ಕಳಚಿಟ್ಟ ಅಂಗಿಯೇನಾದರೂ
ಅದರಲ್ಲಿ ತೇಲುತ್ತಿದೆಯೋ ಎಂದು ಹುಡುಕಾಟ.
ಲಸಿಕೆಯೋ, ಉಳಿದವರಿಗಿಂತ ಎರಡು ಪಟ್ಟು,
ಫಿಸ್ತುಲಾ ಇಲ್ಲದ ತೋಳಿಗೆ.
ಸೊನ್ನೆ, ಒಂದು, ಎರಡು, ಆರು: ಇದು ನಮ್ಮ ತಿಂಗಳ ಮಗ್ಗಿ.
ಮೂತ್ರಪಿಂಡ ಸೋತ ಮೈ ಹಿಂದಿನ ಬೆಂಚಿನ ಹುಡುಗ,
ಒಮ್ಮೆ ಹೇಳಿದರೆ ನಾಟುವುದಿಲ್ಲ.

ಚೋಯ್ದೊಗ್ ರೈಲ್ವೆಯವನು. ಮೂವತ್ತು ವರ್ಷ ಹಳಿ ಬದಲಿಸಿದವನು.
ಒಂದು ಸರಳು ಜಗ್ಗಿದರೆ ಪ್ರಯಾಣಿಕರ ಗಾಡಿ ಈಚೆ,
ಕಲ್ಲಿದ್ದಲಿನದು ಆಚೆ. ಒಮ್ಮೆಯೂ ತಪ್ಪಿಲ್ಲ, ಅನ್ನುತ್ತಾನೆ.
ಮೊದಲ ಸುತ್ತು ಮುಗಿದಾಗ ಅವನ ಅಂಕ ಮೂರು.
ಹತ್ತು ದಾಟಬೇಕು, ಎಂದೆ.
‘ಶಾಲೆಯಲ್ಲೂ ಅಷ್ಟೇ ಬರುತ್ತಿತ್ತು. ಇನ್ನೊಮ್ಮೆ ಚುಚ್ಚು.’

ಸೋಮವಾರ ಚುಚ್ಚಿದೆ.
ಗುರುವಾರ ನಾನಿರಲಿಲ್ಲ, ಮಗಳಿಗೆ ಜ್ವರ.
ಬದಲಿಗೆ ಬಂದ ಹುಡುಗ ತಿಂಗಳ ರಕ್ತ ಎಳೆದ,
ಪಟ್ಟಿಯಲ್ಲಿದ್ದ ಹೆಸರು, ಅವನದೇನು ತಪ್ಪು.
ಶನಿವಾರ ಕಾಗದ ಬಂತು: ಪಾಸಿಟಿವ್.

ಅದು ಲಸಿಕೆಯದೇ ನೆರಳಿರಬಹುದು, ಎಂದರು ಡಾಕ್ಟರು;
ನಾವೇ ಒಳಗಿಟ್ಟ ಖಾಲಿ ಅಂಗಿ ನಮಗೇ ಸಿಕ್ಕಿರಬಹುದು.
ಇರಬಹುದು. ಮೂರು ವಾರ ಬಿಟ್ಟು ಮತ್ತೆ ನೋಡಬೇಕು.
ಅಷ್ಟರಲ್ಲಿ ಮಾತು ಏಳೂ ಕುರ್ಚಿ ಸುತ್ತಿ ಬಂದಿತ್ತು.
ಇಪ್ಪತ್ತು ತಿಂಗಳಿಂದ ಪಕ್ಕದಲ್ಲಿ ಕೂತ ಸಂಬೂ
ಉಪ್ಪುಚಹಾದ ಫ್ಲಾಸ್ಕನ್ನು, ಸದ್ದಾಗದ ಹಾಗೆ,
ತನ್ನ ಇನ್ನೊಂದು ಬದಿಗೆ ಇಟ್ಟುಕೊಂಡಳು.
ಚಹಾದಿಂದ ಬರುವುದಲ್ಲ, ಎಂದೆ.
‘ಗೊತ್ತು’ ಎಂದಳು. ಫ್ಲಾಸ್ಕು ಅಲ್ಲೇ ಇತ್ತು.

ಹಾಲಿಗೂ ಸಲ್ಲ, ಹಳದಿ ಕೋಣೆಗೂ ಸಲ್ಲ.
ಓಣಿಯಲ್ಲಿ ಹಳೆಯ ಬದಲಿ ಯಂತ್ರ ಹೂಡಿದೆವು,
ಅವನದೇ ಟ್ರೇ, ಅವನದೇ ಟೂರ್ನಿಕೆಟ್, ಅವನಿಗೇ ಒಂದು ಪೆನ್ನು.
‘ಪಕ್ಕದ ಹಳಿಗೆ ಹಾಕಿದಿರಿ ನನ್ನನ್ನ’ ಎಂದ.
‘ದೊಡ್ಡ ಗಾಡಿ ಹೋಗುವ ತನಕ.’
ಎದುರಿಗೆ ಖೋರ್ಲೋಳ ಬಾಗಿಲು. ಅವಳೇ ತೆರೆಸಿದಳು.
ನಾಲ್ಕು ಗಂಟೆ, ವಾರಕ್ಕೆ ಮೂರು ದಿನ,
ಎರಡು ಯಂತ್ರಗಳ ಗುರುಗುರು ದಾಟಿ ಎರಡು ದನಿ:
ಅವಳ ಗಂಡನ ಕುದುರೆ ಯಾವ ಬಣ್ಣದ್ದು,
ಯಾವ ಚಳಿಗಾಲ ಯಾವ ಎಂಜಿನ್ನು ಹೆಪ್ಪುಗಟ್ಟಿತು.
ಅವನ ಹೆಂಡತಿ ಸತ್ತ ವರ್ಷ ನನಗೆ ಗೊತ್ತಾಗಿದ್ದು ಹಾಗೆ.
ಆರು ವರ್ಷದಲ್ಲಿ ನಾನು ಕೇಳಿರಲೇ ಇಲ್ಲ.

ಮೂರು ವಾರ. ನೆಗೆಟಿವ್.
ಕಾಗದವನ್ನು ಎರಡು ಸಲ ಓದಿಸಿಕೊಂಡ.
ಸಂಬೂ ತಾನೇ ಎದ್ದುಬಂದು ಲೋಟ ತುಂಬಿದಳು;
ಎರಡು ಗುಟುಕು ಕುಡಿದ, ಅವನ ಪಾಲಿನ ನೀರು ಅಷ್ಟೇ.
ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಅನ್ನಿಸಿತು ನನಗೆ.

ಎರಡನೇ ಸುತ್ತೂ ಮುಗಿಯಿತು, ಎರಡು ತಿಂಗಳೂ ಕಳೆಯಿತು.
ಅಂಕ ಹದಿನಾಲ್ಕು.
ವರ್ಷಕ್ಕೊಮ್ಮೆ ಅಳೆಯಬೇಕು, ಎಂದೆ, ಮತ್ತೆ ಇಳಿಯಬಹುದು.
ಮೈ ಮರೆಯುತ್ತದೆ.
‘ಅವಳದೆಷ್ಟು?’
ಅವಳಿಗೆ ಅಂಕವಿಲ್ಲ. ಅವಳು ಆ ಪರೀಕ್ಷೆಯಲ್ಲೇ ಇಲ್ಲ.

ಈಗ ಸೂಜಿ ಕಳಚಿದ ಮೇಲೆ ಹತ್ತಿ ಒತ್ತಿಕೊಂಡು
ಹಳದಿ ಬಾಗಿಲವರೆಗೆ ಹೋಗುತ್ತಾನೆ.
ಹೊಸ್ತಿಲು ತುಳಿಯುವುದಿಲ್ಲ; ಇಲ್ಲಿ ಯಾರೂ ತುಳಿಯುವುದಿಲ್ಲ.
ಈಚೆ ನಿಂತು ಹೇಳುತ್ತಾನೆ:
ಇರ್ಕುತ್ಸ್ಕ್ ಗಾಡಿ ಇವತ್ತು ನಲವತ್ತು ನಿಮಿಷ ತಡ.
ಅವಳಿಗೆ ಎಲ್ಲಿಗೂ ಹೋಗುವುದಿಲ್ಲ.
‘ಬರಲಿ ಬಿಡು’ ಅನ್ನುತ್ತಾಳೆ.